ದೊಡ್ಡ ಗದ್ದೆಯ ಓಟದ ದಾರಿ

ಸುಂಟಿಕೊಪ್ಪ
೧೪ ಜನವರಿ ೨೦೨೪

ಪ್ರೀತಿಯ ಅಪ್ಪನಿಗೆ,

ಮೊನ್ನೆ ನಿಮ್ಮ ಫೋನು ಬಂದಾಗ ಅವ್ವ "ಎಲ್ಲ ಸೌಖ್ಯ" ಅಂದಳು, ನಾನೂ ಹ್ಞೂಂಗುಟ್ಟಿದೆ. ನಿಮ್ಮ ಹಿಂದೆ ಸಾಲಿನಲ್ಲಿ ನಿಂತವರು ಕೆಮ್ಮುವುದು ಲಡಾಖಿನಿಂದ ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು. ಆ ಐದು ನಿಮಿಷದಲ್ಲಿ ಕ್ಷೇಮಸಮಾಚಾರ ಮುಗಿಯುತ್ತದೆ, ಜಗಳ ಮುಗಿಯುವುದಿಲ್ಲ. ಜಗಳಕ್ಕೆ ಕಾಗದವೇ ಸರಿ. ಮಧ್ಯೆ ಬಾಯಿ ಹಾಕುವವರು ಯಾರೂ ಇರುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ನಿನ್ನೆ ಕುಶಾಲನಗರದ ಕಡೆಯ ಶುಂಠಿ ಪುಟ್ಟಸ್ವಾಮಿಯವರು ಬಂದು ನಮ್ಮ ದೊಡ್ಡ ಗದ್ದೆಯ ಏರಿಯ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದ್ದರು. ಏನು ನೋಡುತ್ತಿದ್ದೀರಿ ಎಂದು ಕೇಳಿದೆ. "ಏಪ್ರಿಲ್‌ಗೆ ಜೆಸಿಬಿ ಯಾವ್ ಕಡೆಯಿಂದ ಇಳಿಸೋದು ಅಂತ ನೋಡ್ತಾ ಇವ್ನಿ ಕಣವ್ವ. ನಿಮ್ಮಪ್ಪಾರು ಮಾತು ಕೊಟ್ಟವ್ರಲ್ಲ" ಅಂದರು. ಮನೆಯಲ್ಲಿ ನನಗೂ ಗೊತ್ತಿಲ್ಲ, ಅವ್ವನಿಗೂ ಗೊತ್ತಿಲ್ಲ. ಊರಿನ ಗದ್ದೆಯ ಸುದ್ದಿ ಗಡಿಯಿಂದ ಕುಶಾಲನಗರ ಸುತ್ತಿಕೊಂಡು ಬರಬೇಕಾಯಿತು.

ಹೋದ ವರ್ಷ ಮೇಲಿನ ಗದ್ದೆಯನ್ನು ಅವರಿಗೇ ಗುತ್ತಿಗೆ ಕೊಟ್ಟಿರಿ. ನಾನು ಬೇಡ ಅನ್ನಲಿಲ್ಲ, ಯಾಕೆಂದರೆ ಏನಾಗುತ್ತದೆ ಅಂತ ನನಗೂ ಅಂದಾಜಿರಲಿಲ್ಲ. ಈಗ ಉಂಟು. ಭತ್ತ ನೀರನ್ನು ನಿಲ್ಲಿಸಿಕೊಂಡು ಬೆಳೆಯುವ ಬೆಳೆ. ಶುಂಠಿಯ ಬುಡದಲ್ಲಿ ನೀರು ನಿಂತರೆ ಕೊಳೆ ರೋಗ, ಹಾಗಾಗಿ ಅದು ನೀರನ್ನು ಓಡಿಸಿ ಬೆಳೆಯುವ ಬೆಳೆ. ಅವರು ಏರಿ ಒಡೆದು ಸೊಂಟದ ಆಳಕ್ಕೆ ಕಾಲುವೆ ತೆಗೆದರು. ಮಳೆಗಾಲದ ನೀರೆಲ್ಲ ನಮ್ಮ ನೆಲಕ್ಕೆ ನಮಸ್ಕಾರ ಹೇಳಿ ನೇರ ಹೊಳೆಗೆ ಹೋಯಿತು. ಈಗ ಜನವರಿ. ಬಾವಿಯ ನೀರು ಮಾರ್ಚಿನಲ್ಲಿ ಇರುವಷ್ಟು ಕೆಳಗೆ ಹೋಗಿದೆ. ಆ ಬಾವಿ ನಮ್ಮ ಮನೆಗೆ ಮಾತ್ರವಲ್ಲ, ತೋಟದ ಕೂಲಿಯವರ ಲೈನಿನ ಅಷ್ಟೂ ಮನೆಗಳಿಗೆ ಇರುವುದು ಅದೊಂದೇ. ಮೇಲಿನ ಗದ್ದೆ ಹೋದದ್ದಕ್ಕೇ ಹೀಗೆ. ಬಾವಿಯ ನೆತ್ತಿಯ ಮೇಲೇ ಇರುವ ದೊಡ್ಡ ಗದ್ದೆಯೂ ಹೋದರೆ ಬಾವಿ ಉಳಿಯುವುದಿಲ್ಲ.

ಆ ಮಾತನ್ನು ವಾಪಸ್ ತೆಗೆದುಕೊಳ್ಳಿ ಅಪ್ಪ.

ಅವ್ವ ಹೊಸ ಸ್ವೆಟರ್ ಕಳಿಸಿದ್ದಾಳೆ. ಬಣ್ಣ ನನ್ನ ಆಯ್ಕೆಯಲ್ಲ.

ನಿಮ್ಮ ಮಗಳು,
ಪವಿತ್ರಾ


ಫೀಲ್ಡ್ ಪೋಸ್ಟ್
೪ ಫೆಬ್ರವರಿ

ಮಗಳೇ,

ಕಾಗದ ತಲುಪಿತು. ಸ್ವೆಟರೂ ತಲುಪಿತು. ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಯಾರೂ ಕೇಳಿಲ್ಲವಾದ್ದರಿಂದ ಹೇಳುವುದಿಲ್ಲ.

ನೀನು ಕೃಷಿ ಓದಿದವಳು. ಭತ್ತದಿಂದ ನಷ್ಟವೇ ಹೊರತು ಲಾಭ ಇಲ್ಲ ಎಂಬುದು ನಿನಗೆ ನಾನು ಕಲಿಸಬೇಕಾದ ಪಾಠ ಅಲ್ಲ. ನಾಟಿಗೆ ಆಳಿಲ್ಲ. ಆಳು ಸಿಕ್ಕಿ ನೆಟ್ಟರೆ, ಕದಿರು ಹಾಲು ತುಂಬುವ ಹೊತ್ತಿಗೆ ಆನೆ ಬರುತ್ತದೆ. ಆನೆ ಬಿಟ್ಟದ್ದನ್ನು ಹಂದಿ ತಿನ್ನುತ್ತದೆ. ನಮ್ಮ ಅಕ್ಕಪಕ್ಕದವರೆಲ್ಲ ಗದ್ದೆ ಪಾಳು ಬಿಟ್ಟಿದ್ದಾರೆ. ಪಾಳು ಬೀಳುವ ಬದಲು ಒಬ್ಬ ಕಷ್ಟಪಟ್ಟು ದುಡಿಯುವ ಮನುಷ್ಯ ಶುಂಠಿ ಬೆಳೆದರೆ ತಪ್ಪೇನು? ಪುಟ್ಟಸ್ವಾಮಿ ಕಳ್ಳನಲ್ಲ, ಹೋದ ವರ್ಷ ಗುತ್ತಿಗೆ ಸರಿಯಾಗಿ ಕೊಟ್ಟಿದ್ದಾನೆ.

ಜುಲೈ ಕೊನೆಗೆ ನನ್ನ ಸರ್ವೀಸ್ ಮುಗಿಯುತ್ತದೆ. ಹತ್ತೊಂಬತ್ತು ವಯಸ್ಸಿಗೆ ಮನೆ ಬಿಟ್ಟವನು. ರಜೆಗೆ ಬಂದಾಗ ಗದ್ದೆಯ ಏರಿಯ ಮೇಲೆ ನಿಂತು ನೋಡಿದ್ದೇನೆಯೇ ಹೊರತು ಕೆಸರಿಗೆ ಇಳಿದು ಎಷ್ಟೋ ಕಾಲವಾಯಿತು. ಬಂದ ಮೇಲೆ ಭತ್ತ ಮಾಡಿ ಅಂದರೆ ಮಾಡುವವರು ಯಾರು? ಅದಕ್ಕೇ ಯೋಚನೆ ಮಾಡಿಯೇ ವ್ಯವಸ್ಥೆ ಮಾಡಿದ್ದೇನೆ.

ನೀರು ಕಡಿಮೆಯಾದರೆ ಬೋರ್ ತೆಗೆಸು. ಮಾತಿನ ವಿಷಯ ಮುಗಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವ್ವನ ರಕ್ತದೊತ್ತಡದ ಮಾತ್ರೆ ನೆನಪಿಸುತ್ತಿರು.

ನಿನ್ನ ಅಪ್ಪ,
ಸುಬೇದಾರ್ ಬೆಳ್ಳಿಯಪ್ಪ


ಸುಂಟಿಕೊಪ್ಪ
೧೯ ಮಾರ್ಚ್

ಪ್ರೀತಿಯ ಸುಬೇದಾರ್ ಅಪ್ಪನಿಗೆ,

ಮಗಳಿಗೆ ಬರೆಯುವ ಕಾಗದಕ್ಕೂ ಸುಬೇದಾರ್ ಅಂತ ರುಜು ಹಾಕುವವರು ಇಡೀ ಸೈನ್ಯದಲ್ಲಿ ನೀವೊಬ್ಬರೇ ಇರಬೇಕು. ಅವ್ವ ಓದಿ ನಕ್ಕಳು. ನನಗೆ ನಗು ಬರಲಿಲ್ಲ, ಹಾಗಾಗಿ ಇಷ್ಟು ದಿನ ಬರೆಯಲಿಲ್ಲ. ಸಿಟ್ಟಿನಲ್ಲಿ ಬರೆದದ್ದನ್ನು ಒಲೆಗೆ ಹಾಕಿದ್ದೇನೆ. ಇದು ಸಿಟ್ಟು ಇಳಿದ ಮೇಲೆ ಬರೆದದ್ದು.

ಈ ಸಲ ಹೂಮಳೆ ಬರಲಿಲ್ಲ. ಕಾಫಿ ಮೊಗ್ಗು ಕಾಯ್ದು ಕಾಯ್ದು ಸೊರಗಿತು. ಕೆರೆಗೆ ಮೋಟಾರ್ ಇಟ್ಟು ಸ್ಪ್ರಿಂಕ್ಲರ್ ಹಾಕಿದೆವು. ಪ್ರತಿ ವರ್ಷ ಇಡೀ ರೊಬಸ್ಟಾ ತೋಟಕ್ಕೆ ಸಾಕಾಗಿ ಮಿಗುತ್ತಿದ್ದ ಕೆರೆ, ಈ ವರ್ಷ ಅರ್ಧ ತೋಟಕ್ಕೆ ಬರುವಷ್ಟರಲ್ಲಿ ಮೋಟಾರ್ ಕೆಸರು ಕುಡಿದು ಕೆಮ್ಮಲು ಶುರು ಮಾಡಿತು. ಕೆಳಗಿನ ಅರ್ಧ ಬೆಳ್ಳಗೆ ಹೂ ಬಿಟ್ಟಿದೆ. ಮೇಲಿನ ಅರ್ಧದಲ್ಲಿ ಮೊಗ್ಗು ಗಿಡದಲ್ಲೇ ಕಪ್ಪಾಗಿದೆ. ಭತ್ತದಿಂದ ನಷ್ಟ ಅಂದಿರಲ್ಲ, ಆ ಲೆಕ್ಕ ಗದ್ದೆಯ ಏರಿಯ ಹತ್ತಿರವೇ ನಿಂತುಬಿಡುತ್ತದೆ. ಗದ್ದೆ ಮಳೆಗಾಲ ಪೂರ್ತಿ ನೀರು ಹಿಡಿದು ನಿಂತು, ಅದನ್ನು ನಿಧಾನಕ್ಕೆ ಇಳಿಸಿ, ಬೇಸಿಗೆಗೆ ಕೆರೆಗೂ ಬಾವಿಗೂ ಕೊಡುತ್ತಿತ್ತು. ಆ ಕೆಲಸಕ್ಕೆ ನಾವು ಯಾವತ್ತೂ ಕೂಲಿ ಕೊಟ್ಟವರಲ್ಲ, ಹಾಗಾಗಿ ಅದೊಂದು ಕೆಲಸ ಅಂತ ನಮಗೆ ಅನಿಸಲೂ ಇಲ್ಲ.

ಬಾವಿಯಿಂದ ಈಗ ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ನೀರು. ಲೈನಿನ ಚಿನ್ನಿ ಗೊತ್ತಲ್ಲ, ನಿಮ್ಮ ರಜೆಯಲ್ಲಿ ಕಾಫಿ ಪಿಕ್ಕಿಂಗ್ ಮೇಸ್ತ್ರಿಯ ಹತ್ತಿರ ಜಗಳ ಆಡಿದವಳು. ಮೊನ್ನೆ ಕೊಡ ಇಳಿಸಿದರೆ ತಳದ ಕೆಸರಿಗೆ ಬಡಿದ ಸದ್ದು. ಅವಳು ಕೊಡ ಮೇಲಕ್ಕೆ ಎಳೆದು ನನ್ನ ಮುಂದಿಟ್ಟು, "ಅಕ್ಕ, ಇದು ನಿಮ್ಮನೆ ಪಾಲಾ, ನಮ್ಮ ಪಾಲಾ?" ಎಂದು ಕೇಳಿದಳು. ಕಾಲೇಜಿನಲ್ಲಿ ಸುಸ್ಥಿರ ಅಭಿವೃದ್ಧಿ ಎಂದರೇನು ಎಂಬ ಪ್ರಶ್ನೆಗೆ, ಮುಂದಿನವರ ಪಾಲಿಗೆ ಕೈ ಹಾಕದೆ ನಮ್ಮ ಪಾಲು ಉಣ್ಣುವುದು ಅಂತ ಉದ್ದಕ್ಕೆ ಬರೆದು ಪೂರ್ತಿ ಅಂಕ ತೆಗೆದುಕೊಂಡವಳು ನಾನು. ಮುಂದಿನವರು ಅಂದರೆ ಇನ್ನೂ ಹುಟ್ಟದ ಮೊಮ್ಮಕ್ಕಳು ಅಂದುಕೊಂಡಿದ್ದೆ. ಈಗಲೇ ಹುಟ್ಟಿ, ಕೊಡ ಹಿಡಿದು ನಮ್ಮ ಹಿಂದೆ ಸಾಲಿನಲ್ಲಿ ನಿಂತವರೂ ಮುಂದಿನವರೇ ಅಂತ ಆವತ್ತು ಗೊತ್ತಾಯಿತು.

ಬೋರ್ ತೆಗೆಸುವುದಿಲ್ಲ. ಬಾವಿಗೆ ಬರುವ ಒರತೆಗೇ ಕೆಳಗಿನಿಂದ ಇನ್ನೊಂದು ತೂತು ಮಾಡಿದ ಹಾಗೆ ಅದು. ಕೆಳಗಿನ ಎಸ್ಟೇಟಿನವರು ತೆಗೆಸಿದರು, ಎರಡು ವರ್ಷ ಚೆನ್ನಾಗಿ ಕುಡಿದರು, ಈಗ ಟ್ಯಾಂಕರ್ ತರಿಸುತ್ತಾರೆ. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಅಂತ ಅವ್ವ ಹೇಳುವುದು ನೀರಿಗೂ ಹೊಂದುತ್ತದೆ.

ನಿಮ್ಮ ಮಾತು ನಿಮಗೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಮುರಿಯಿರಿ ಅಂತ ಇನ್ನು ಹೇಳುವುದಿಲ್ಲ. ಮುರಿಯದೆ ಅದರಿಂದ ಹೊರಗೆ ಬರುವ ದಾರಿ ಇದ್ದರೆ ಹೇಳಿ. ಏಪ್ರಿಲ್ ಹತ್ತಿರ ಬಂತು.

ಪವಿತ್ರಾ


ಫೀಲ್ಡ್ ಪೋಸ್ಟ್
೩೧ ಮಾರ್ಚ್

ಮಗಳೇ,

ಕೊಟ್ಟವನು ಮಾತನ್ನು ವಾಪಸ್ ತೆಗೆದುಕೊಳ್ಳಬಾರದು. ಪಡೆದವನು ಬಿಟ್ಟುಕೊಡಬಹುದು.

ನಾನು ಅವನನ್ನು ಕೇಳುವುದಿಲ್ಲ. ಕೇಳಬೇಡ ಅಂತ ನಿನಗೆ ಆರ್ಡರ್ ಕೊಟ್ಟಿಲ್ಲ.

ಮೇಲಿನ ಅರ್ಧ ತೋಟ ಅಂದರೆ ನಾನು ಮತ್ತು ನಿನ್ನ ಅಜ್ಜ ಸೇರಿ ನೆಟ್ಟ ಗಿಡಗಳು.

ಸುಬೇದಾರ್ ಬೆಳ್ಳಿಯಪ್ಪ


ಸುಂಟಿಕೊಪ್ಪ
೧೬ ಏಪ್ರಿಲ್

ಪ್ರೀತಿಯ ಅಪ್ಪನಿಗೆ,

ನಿಮ್ಮ ಕಾಗದ ಕೈಗೆ ಬಂದ ದಿನವೇ ಕುಶಾಲನಗರದ ಬಸ್ ಹತ್ತಿದೆ. ಅವ್ವ ಒಂದು ಬಾಟಲಿ ಜೇನು ಕೊಟ್ಟು, "ಬರಿಗೈಲಿ ಹೋಗ್ಬೇಡ, ಬಾಯಿ ಮಾತ್ರ ತಕಂಡು ಹೋದ್ರೆ ಜಗಳ ಆಗ್ತದೆ" ಎಂದು ಕಳಿಸಿದಳು.

ಪುಟ್ಟಸ್ವಾಮಿಯವರ ಮನೆ ಊರಿನಿಂದ ಸ್ವಲ್ಪ ಆಚೆ. ಅಂಗಳದ ತುಂಬ ಬಿತ್ತನೆ ಶುಂಠಿ ಹರಡಿತ್ತು. ನಮ್ಮ ಗದ್ದೆಗೆ ಅಂತಲೇ ತಂದದ್ದು. ಅದನ್ನು ನೋಡಿ ನನ್ನ ಧೈರ್ಯ ಅರ್ಧ ಇಳಿಯಿತು. ಅವರ ಹೆಂಡತಿ ಮಹಾದೇವಮ್ಮ ಬಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿ, ಉಂಡ ಮೇಲೆ ಮಾತಾಡು ಅಂದರು. ಉಂಡ ಮೇಲೆ ಮಾತಾಡಿದೆ. ಬಾವಿ, ಕೆರೆ, ಕಪ್ಪಾದ ಮೊಗ್ಗು, ಒಂದನ್ನೂ ಬಿಡಲಿಲ್ಲ.

ಅವರಿಗೆ ಸಿಟ್ಟು ಬಂತು. ಬರಬೇಕಾದ್ದೇ. "ಸುಬೇದಾರ್ರು ಮಾತು ಕೊಟ್ಟವ್ರೆ ಅಂತ ನಾನು ಬೇರೆ ಗದ್ದೆ ನೋಡ್ಲಿಲ್ಲ. ಈಗ ಬಂದು ನೀರು ನಿಡಿ ಅಂತೀಯ. ನಾನೇನು ನಿಮ್ಮ ಬಾವಿಗೆ ಮಣ್ಣು ಹಾಕಿದ್ನಾ?" ಅಂದರು. ನೀವು ಹಾಕಲಿಲ್ಲ, ನಾವು ಹಾಕಿಸಿಕೊಂಡೆವು ಅಂದೆ. ಗುತ್ತಿಗೆಗೆ ಕೊಟ್ಟವರು ನಾವು, ಕಾಲುವೆ ತೆಗೆಯುವಾಗ ಏರಿಯ ಮೇಲೆ ನಿಂತು ಕಾಫಿ ಕುಡಿಯುತ್ತಾ ನೋಡಿದವರೂ ನಾವು. ಒಮ್ಮೆ ಬಂದು ಬಾವಿ ನೋಡಿ, ಆಮೇಲೆ ನೀವು ಏನು ಹೇಳಿದರೂ ಒಪ್ಪುತ್ತೇನೆ ಅಂದೆ. ಹಾಗೆ ಹೇಳುವ ಹಕ್ಕು ನನಗಿತ್ತೋ ಇಲ್ಲವೋ, ಹೇಳಿಬಿಟ್ಟೆ.

ಮಾರನೆಯ ದಿನ ಗಂಡ ಹೆಂಡತಿ ಇಬ್ಬರೂ ಬಂದರು. ಪುಟ್ಟಸ್ವಾಮಿಯವರು ಬಾವಿಕಟ್ಟೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ಕಲ್ಲೊಂದನ್ನು ಒಳಗೆ ಹಾಕಿದರು. ಅದು ನೀರಿಗೆ ಬಿದ್ದ ಸದ್ದಾಗಲಿಲ್ಲ. ಆಮೇಲೆ ನನ್ನನ್ನಲ್ಲ, ಹೆಂಡತಿಯನ್ನು ನೋಡಿ, "ನಮ್ಮಪ್ಪ ಹಾಸನದ್ ಕಡೆ ಹೊಲ ಮನೆ ಎಲ್ಲ ಬಿಟ್ಟು ಈ ಸೀಮೆಗೆ ಬಂದಿದ್ದೇ ನೀರಿಗೋಸ್ಕರ ಅಲ್ವೇನೆ" ಅಂದರು. ಮಹಾದೇವಮ್ಮ, "ಇಲ್ಲಿಂದ ಎಲ್ಲಿಗೆ ಹೋಗದು ಇನ್ನ" ಅಂದರು.

ಮಾತು ಬಿಟ್ಟುಕೊಟ್ಟಿದ್ದಾರೆ ಅಪ್ಪ. ಬಿತ್ತನೆಗೆ ಬೇರೆ ಕಡೆ ಏರು ಜಾಗ ಹುಡುಕುತ್ತಾರಂತೆ, ನೀರು ತಾನಾಗಿ ಇಳಿದು ಹೋಗುವ ಕಡೆ. ಆದರೆ ಒಂದು ಷರತ್ತು. "ಗದ್ದೆ ಉಳಿಸ್ಕೋತೀನಿ ಅಂದು ಪಾಳು ಬಿಟ್ರೆ ನನ್ನ ಹೊಟ್ಟೆ ಉರೀತದೆ. ಆಗಸ್ಟ್ ಮೊದಲ ವಾರ ನಿಮ್ಮ ಆಟಿ ಹದಿನೆಂಟರ ಹಬ್ಬಕ್ಕೆ ಬರ್ತೀನಿ. ಅಷ್ಟೊತ್ತಿಗೆ ದೊಡ್ಡ ಗದ್ದೆ ನಾಟಿ ಆಗಿರ್ಬೇಕು. ಆಗಿಲ್ಲ ಅಂದ್ರೆ ಮುಂದಿನ ವರ್ಷ ಜೆಸಿಬಿ ಇಳೀತದೆ. ಆಗ ನೀನು ಅತ್ರೂ ಕೇಳಲ್ಲ, ಜೇನು ತಂದ್ರೂ ಕೇಳಲ್ಲ." ನಾನು ಆಗಲಿ ಅಂದೆ. ಹಾಗಾಗಿ ಈಗ ಈ ಮನೆಯಲ್ಲಿ ಮಾತು ಕೊಟ್ಟವಳು ನಾನು.

ನೀವು ಸುಬೇದಾರ್ ಅಂತ ಬರೆದುಕೊಳ್ಳಿ, ಪರವಾಗಿಲ್ಲ. ಇವತ್ತು ನನಗೆ ಬಹಳ ಖುಷಿಯಾಗಿದೆ.

ಪವಿತ್ರಾ


ಸುಂಟಿಕೊಪ್ಪ
೨೮ ಮೇ

ಅಪ್ಪ,

ಹೋದ ಕಾಗದದಲ್ಲಿ ಖುಷಿ ಅಂತ ಬರೆದದ್ದನ್ನು ಸ್ವಲ್ಪ ಹೊಡೆದುಹಾಕಿ.

ಮೇಲಿನ ಗದ್ದೆಯ ಶುಂಠಿ ಕಾಲುವೆಗಳನ್ನೆಲ್ಲ ಮುಚ್ಚಿಸಿದೆ. ಒಡೆದ ಏರಿಯನ್ನು ಮತ್ತೆ ಕಟ್ಟಿಸಿದೆ, ಮೊದಲಿಗಿಂತ ಎತ್ತರಕ್ಕೆ. ಒಂದು ಹನಿಯೂ ಆಚೆ ಹೋಗಬಾರದು ಎಂಬ ಹಟ. ಲೈನಿನ ಆಳು ಮಾರಿ ಮಣ್ಣು ಹಾಕುತ್ತಾ, "ನೀರು ಜಾಸ್ತಿ ಆದ್ರೆ ಎಲ್ಲಿ ಹೋಗ್ತದೆ?" ಎಂದು ಒಮ್ಮೆ ಕೇಳಿದ. ಎಲ್ಲೂ ಹೋಗಬಾರದು ಅಂತಲೇ ಕಟ್ಟುತ್ತಿರುವುದು ಅಂದೆ. ಅವನು "ಹಂಗಾದ್ರೆ ಸರಿ" ಅಂದು ಇನ್ನೊಂದು ಬುಟ್ಟಿ ಹಾಕಿದ. ನಾವಿಬ್ಬರೂ ಸೇರಿ ಪೆದ್ದರಾದೆವು.

ಮೊನ್ನೆ ಸಂಜೆ ಗುಡುಗು ಮಳೆ. ಮೇಲಿನ ಗದ್ದೆ ಕೆರೆಯಾಯಿತು. ನೋಡುತ್ತಾ ನಿಂತು ಅವ್ವನಿಗೆ ಜಂಬ ಕೊಚ್ಚಿದೆ. ಅರ್ಧ ಗಂಟೆ ಕಳೆಯಲಿಲ್ಲ, ಹಸಿ ಏರಿ ನಡುವಿನಲ್ಲಿ ಒಡೆಯಿತು. ನೀರು ಮಣ್ಣು ಎರಡೂ ಸೇರಿ ದೊಡ್ಡ ಗದ್ದೆಯ ಮೂಲೆಗೆ ಇಳಿದವು. ನಾನು ಸಸಿಮಡಿ ಮಾಡಿದ್ದು ಅದೇ ಮೂಲೆಯಲ್ಲಿ. ಮೊಳಕೆ ಬಂದ ಭತ್ತ ಪೂರ್ತಿ ಮಣ್ಣಿನ ಅಡಿಗೆ ಹೋಗಿದೆ. ಮನೆಯಲ್ಲಿದ್ದ ಹಳೆಯ ತಳಿಯ ಬೀಜ ಅರ್ಧ ಖರ್ಚಾಯಿತು, ಇನ್ನರ್ಧ ಉಂಟು.

ಅವ್ವ ಬೈಯಲಿಲ್ಲ, ಅದೇ ಕಷ್ಟ. "ಬಾವಿಗೆ ಒಂದು ಮೊಳ ನೀರು ಬಂದುಟ್ಟು ನೋಡು" ಅಂದಳು, ಸಮಾಧಾನಕ್ಕೆ. ನಿಜವಾಗಿಯೂ ಬಂದಿದೆ. ಒಂದೇ ಸಂಜೆ ನಿಂತ ನೀರಿಗೆ ಅಷ್ಟು ಬಂದಿದೆ ಅಂದರೆ ನನ್ನ ದಾರಿ ಸರಿ, ಕಟ್ಟಿದ ರೀತಿ ತಪ್ಪು. ಏನು ತಪ್ಪು ಅಂತ ಓದಿದ ಪುಸ್ತಕದಲ್ಲಿ ಹುಡುಕಿದೆ. ಅಲ್ಲಿರುವ ಏರಿ ಯಾವುದೂ ನಮ್ಮ ಏರಿಯಲ್ಲ.

ನೀವು ಅಜ್ಜನ ಜೊತೆ ಹತ್ತೊಂಬತ್ತು ವಯಸ್ಸಿನವರೆಗೆ ಈ ಗದ್ದೆಯಲ್ಲಿ ಕೆಲಸ ಮಾಡಿದವರು. ಆಗ ಈ ಏರಿ ಯಾಕೆ ಒಡೆಯುತ್ತಿರಲಿಲ್ಲ?

ಪವಿತ್ರಾ


ಬೇಸ್
೯ ಜೂನ್

ಮಗಳೇ,

ವಿಳಾಸ ಬದಲಾಗಿದೆ, ಗಮನಿಸು. ಹಿಮದ ಪೋಸ್ಟಿನಿಂದ ಕೆಳಗಿನ ಬೇಸ್ ಕ್ಯಾಂಪಿಗೆ ಇಳಿದಿದ್ದೇನೆ. ಕಾರಣ ದೊಡ್ಡದಲ್ಲ. ಅವ್ವನಿಗೆ ಹೇಳುವ ಅಗತ್ಯವಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ. ಮೇಲಿನ ಗದ್ದೆಯ ಏರಿ ಬಲಗಡೆಯ ಹಲಸಿನ ಮರದ ಹತ್ತಿರ ಬಂದು ಮುಗಿಯುತ್ತದೆ. ಮರದ ಬುಡದಿಂದ ಒಂದು ಮಾರು ಈಚೆಗೆ ಅಗೆ. ಚಪ್ಪಡಿ ಕಲ್ಲು ಸಿಗುತ್ತದೆ. ಅಗಲದ ಕಲ್ಲು, ನಡುವೆ ಸ್ವಲ್ಪ ತಗ್ಗಾಗಿ ಸವೆದಿದೆ. ಹೋದ ವರ್ಷ ಜೆಸಿಬಿ ಎಳೆದ ಮಣ್ಣಿನ ಅಡಿಗೆ ಹೋಗಿರಬೇಕು. ಅದು ನೀರು ಹೊರಗೆ ಹೋಗುವ ಕಂಡಿ. ಏರಿ ಎಷ್ಟು ಎತ್ತರ ಬೇಕಾದರೂ ಕಟ್ಟು, ನೀರು ಮಾತ್ರ ಆ ಕಲ್ಲಿನ ಮಟ್ಟಕ್ಕಿಂತ ಮೇಲೆ ನಿಲ್ಲಕೂಡದು. ಅಲ್ಲಿಂದ ಹೊರಬಿದ್ದ ನೀರು ಬದಿಯ ತೋಡಿನಲ್ಲಿ ಇಳಿದು ದೊಡ್ಡ ಗದ್ದೆಗೆ ಮೆಲ್ಲಗೆ ಬರುತ್ತದೆ, ದೊಡ್ಡ ಗದ್ದೆಯಿಂದ ಕೆಳಗಿನವರ ಗದ್ದೆಗೆ.

ಚಿಕ್ಕಂದಿನಲ್ಲಿ ನಾನೂ ನಿನ್ನ ಹಾಗೇ ಒಮ್ಮೆ ಆ ಕಂಡಿಗೆ ಹುಲ್ಲು ತುರುಕಿ ಮುಚ್ಚಿದ್ದೆ, ಮೀನು ಹಿಡಿಯುವ ಆಸೆಗೆ. ನಿನ್ನ ಅಜ್ಜ ಕಿವಿ ಹಿಡಿದು ಅಲ್ಲಿಗೆ ಕರೆದುಕೊಂಡು ಹೋಗಿ ಹೇಳಿದ್ದು ಇಷ್ಟೇ. "ಹಿಡ್ಕಳದು ಕಲ್ಲಿನಷ್ಟು. ಮೇಲಿಂದು ನಮ್ದಲ್ಲ, ಕೆಳಗಿನವ್ರದ್ದು." ನೀನು ಉದ್ದಕ್ಕೆ ಬರೆದು ಅಂಕ ತೆಗೆದುಕೊಂಡ ಉತ್ತರ ಅದೇ ಇರಬೇಕು.

ಉಳಿದ ಬೀಜವನ್ನು ಕೂಡಲೇ ಹಾಕು. ಜೂನ್ ಹದಿನೈದರ ಒಳಗೆ ಹಾಕಿದರೆ ಜುಲೈ ಕೊನೆಯ ನಾಟಿಗೆ ಸಿಗುತ್ತದೆ. ಈ ಕಾಗದ ತಡವಾಗಬಹುದೆಂದು, ಬೀಜದ ವಿಷಯ ಮಾತ್ರ ನಾಳೆ ಫೋನಿನಲ್ಲಿಯೂ ಹೇಳುತ್ತೇನೆ. ಅದು ಜಗಳ ಅಲ್ಲವಾದ್ದರಿಂದ ಐದು ನಿಮಿಷ ಸಾಕು.

ಹಲಸಿನ ಮರ ಇನ್ನೂ ಉಂಟಷ್ಟೆ?

ಸುಬೇದಾರ್ ಬೆಳ್ಳಿಯಪ್ಪ


ಸುಂಟಿಕೊಪ್ಪ
೨೫ ಜುಲೈ

ಪ್ರೀತಿಯ ಅಪ್ಪನಿಗೆ,

ಹಲಸಿನ ಮರ ಉಂಟು, ಈ ಸಲ ಕಾಯಿಯೂ ಜೋರು. ಕಲ್ಲೂ ಉಂಟು. ಮಾರಿಯ ಹಾರೆಗೆ ಠಣ್ ಅಂತ ತಗುಲಿದಾಗ ಅವನಿಗಿಂತ ಮೊದಲು ನಾನು ಕೈ ಹಾಕಿ ಮಣ್ಣು ಬಗೆದೆ. ನಡುವಿನ ತಗ್ಗಿನಲ್ಲಿ ಅಂಗೈ ಇಟ್ಟರೆ ಸರಿಯಾಗಿ ಕೂರುತ್ತದೆ. ಏರಿಯನ್ನು ಆ ಕಲ್ಲಿಗೆ ಹೊಂದಿಸಿ ಕಟ್ಟಿದೆವು. ಈ ತಿಂಗಳ ಮಳೆ ನಿಮಗೆ ಸುದ್ದಿಯಲ್ಲಿ ಗೊತ್ತಾಗಿರಬಹುದು. ಒಂದು ವಾರ ಸೂರ್ಯನ ಮುಖ ಕಾಣಲಿಲ್ಲ. ಏರಿ ಅಲುಗಲಿಲ್ಲ. ಕಲ್ಲಿನ ಮೇಲಿಂದ ನೀರು ಹಗಲೂ ರಾತ್ರಿ ಒಂದೇ ಸಮ ಇಳಿಯುತ್ತಿದೆ. ಬಾವಿಯ ನೀರಿನಲ್ಲಿ ಈಗ ಕಟ್ಟೆಯ ಮೇಲಿಂದ ಬಗ್ಗಿದರೆ ನಮ್ಮ ಮುಖ ಕಾಣುತ್ತದೆ. ಚಿನ್ನಿ ಮುಖ ನೋಡಿಕೊಂಡು ಕೂದಲು ಸರಿ ಮಾಡಿಕೊಳ್ಳುತ್ತಾಳೆ, ಹಿಂದೆ ಸಾಲಿನಲ್ಲಿದ್ದವರು ಬೈಯುತ್ತಾರೆ.

ನಾಟಿಗೆ ಆಳಿಲ್ಲ ಅಂದಿರಿ. ಆಳಿರಲಿಲ್ಲ, ನಿಜ. ನಾನು ಲೈನಿಗೆ ಹೋಗಿ ಚಿನ್ನಿಯನ್ನು ಕೇಳಿದೆ. "ಕೂಲಿ ಕೊಡ್ತೀರಲ್ಲ?" ಅಂದಳು. ಕೊಡ್ತೀನಿ ಅಂದೆ. "ಹಂಗಾದ್ರೆ ಸರಿ. ಕೂಲಿ ಇಲ್ದೆ ಬಾವಿ ನಮ್ದೂ ಅಂತ ಸುಮ್ನೆ ಮಾಡಿಸ್ತೀರೇನೋ ಅಂದ್ಕೊಂಡೆ" ಎಂದು ನಕ್ಕಳು. ಲೈನಿನವರೆಲ್ಲ ಬಂದರು. ಕೆಳಗಿನ ಗದ್ದೆಯವರ ಹತ್ತಿರ ಮುಯ್ಯಾಳಿನ ಮಾತಾಡಿದೆ. ಅವರು ನಮ್ಮ ನಾಟಿಗೆ ಬರುವುದು, ನಾವು ಅವರದಕ್ಕೆ ಹೋಗುವುದು. ಪಾಳು ಬಿಟ್ಟಿದ್ದವರು, ಕಲ್ಲಿನ ಮೇಲಿಂದ ನೀರು ತಮ್ಮ ಗದ್ದೆಗೂ ಬರುವುದನ್ನು ನೋಡಿ ಈ ವರ್ಷ ಒಂದು ಮಡಿಯನ್ನಾದರೂ ನೆಡೋಣ ಅಂದಿದ್ದಾರೆ. ಆನೆಗೆ ಏನು ಮಾಡುವುದು ಅಂತ ಕೇಳಬೇಡಿ. ನಾಲ್ಕು ಮನೆಯವರು ಸೇರಿ ನೆಟ್ಟರೆ ನಾಲ್ಕು ಮನೆಯವರು ಸೇರಿ ಕಾಯುತ್ತೇವೆ. ಅದರ ಮೇಲೂ ತಿಂದರೆ ಅಷ್ಟು ಆನೆಯ ಪಾಲು.

ನಿನ್ನೆ ದೊಡ್ಡ ಗದ್ದೆಯ ನಾಟಿ ಮುಗಿಯಿತು. ಪೂರ್ತಿ ಮುಗಿಯಲಿಲ್ಲ, ಹೇಳುತ್ತೇನೆ.

ಅಜ್ಜನ ಕಾಲದಲ್ಲಿ ದೊಡ್ಡ ಗದ್ದೆ ನೆಡುವಾಗ ನಡುವೆ ಈ ಏರಿಯಿಂದ ಆ ಏರಿಯವರೆಗೆ ಒಂದು ದಾರಿಯಷ್ಟು ಜಾಗ ನೆಡದೆ ಬಿಡುತ್ತಿದ್ದರಂತೆ, ನಾಟಿ ಓಟಕ್ಕೆ. ಎಲ್ಲರೂ ಕೆಸರಿನಲ್ಲಿ ಓಡಿ, ಗೆದ್ದವರಿಗೆ ಬಾಳೆಗೊನೆ, ಎರಡನೆಯವರಿಗೆ ತೆಂಗಿನಕಾಯಿ ಕೊಟ್ಟು, ಆಮೇಲೆ ಆ ದಾರಿಯನ್ನೂ ನೆಟ್ಟರೆ ನಾಟಿ ಮುಗಿದ ಹಾಗೆ. ಸೈನ್ಯಕ್ಕೆ ಸೇರುವ ವರ್ಷ ನೀವು ಗೆದ್ದ ಗೊನೆಯನ್ನು ಅಜ್ಜ ಊರಿಗೆಲ್ಲ ಹಂಚಿದ ಕಥೆ ಅವ್ವನಿಗೆ ಬಾಯಿಪಾಠ. ಈ ಸಲ ನಾನು ಆ ದಾರಿ ಬಿಡಿಸಿದ್ದೇನೆ. ಓಟ ಇನ್ನೂ ಆಗಿಲ್ಲ. ನೀವು ಬಂದ ಮೇಲೆ.

ಅಪ್ಪ, ನಿಮ್ಮ ಯೂನಿಟ್ಟಿನ ಅಮ್ಮತ್ತಿ ಊರಿನ ಗಿರಿ ರಜೆಗೆ ಬಂದವರು ಹೋದ ವಾರ ನೀವು ಕೊಟ್ಟ ಒಣ ಜರ್ದಾಳು ಹಣ್ಣು ತಂದುಕೊಟ್ಟರು. ಅವ್ವ ಕಾಫಿ ಮಾ‌ಡಲು ಒಳಗೆ ಹೋದಾಗ, ನೀವು ಬೇಸಿಗೆ ಇಳಿದದ್ದು ಯಾಕೆ ಎಂದು ಕೇಳಿದೆ. ಮಂಡಿಯ ವಿಷಯ ಹೇಳಿದರು. ಹಿಮದಲ್ಲಿ ಬಿದ್ದದ್ದು, ಬೇಸಿನ ಆಸ್ಪತ್ರೆಯಲ್ಲಿದ್ದದ್ದು, ಇನ್ನು ಮೊದಲಿನ ಹಾಗೆ ಆಗುವುದಿಲ್ಲ ಅಂತ ಡಾಕ್ಟರ್ ಹೇಳಿದ್ದು, ಎಲ್ಲ. ಬಿದ್ದದ್ದು ಡಿಸೆಂಬರಿನಲ್ಲಂತೆ, ಬೇಸಿಗೆ ಇಳಿಯುವವರೆಗೆ ನೋವು ನುಂಗಿಕೊಂಡು ಮೇಲೆಯೇ ಇದ್ದಿರಂತೆ. ಪುಟ್ಟಸ್ವಾಮಿಯವರಿಗೆ ಮಾತು ಕೊಟ್ಟದ್ದು ಅದರ ಮುಂದಿನ ವಾರ. "ಮಾಡುವವರು ಯಾರು" ಅಂತ ಫೆಬ್ರವರಿಯಲ್ಲಿ ಬರೆದಿರಲ್ಲ, ಆ ಪ್ರಶ್ನೆಯನ್ನು ಈಗ ಇನ್ನೊಮ್ಮೆ ಓದಿದೆ. ಓದಿ ಅತ್ತೆ. ನಿಮ್ಮ ಮೇಲೆ ಸಿಟ್ಟೂ ಬಂತು. ಅವ್ವನಿಗೆ ಹೇಳಿಲ್ಲ, ಆದರೆ ಅವಳು ತನ್ನ ಸೊಂಟಕ್ಕೆ ಕಟ್ಟುವ ಎಣ್ಣೆ ಬಟ್ಟೆಯ ಜೊತೆ ಮಂಡಿಗೂ ಒಂದು ಹೊಲಿಯುತ್ತಿದ್ದಾಳೆ. ಯಾರಿಗೆ ಅಂತ ನಾನು ಕೇಳಲಿಲ್ಲ.

ಮಾಡುವವರು ನಾವಿದ್ದೇವೆ. ನೀವು ಓಡಬೇಕಾಗಿಲ್ಲ. ಬನ್ನಿ ಸಾಕು.

ನಿಮ್ಮ ಮಗಳು,
ಪವಿತ್ರಾ


ಸುಂಟಿಕೊಪ್ಪ
೫ ಆಗಸ್ಟ್

ಪುಟ್ಟಸ್ವಾಮಿಯವರಿಗೆ ನಮಸ್ಕಾರಗಳು.

ಆಟಿ ಹದಿನೆಂಟಕ್ಕೆ ನೀವು ಬಂದು ಗದ್ದೆ ನೋಡುವುದು ಎಂದಿತ್ತು. ಮಳೆಗೆ ದಾರಿಯ ಮೇಲೆ ಮರ ಬಿದ್ದು ಬರಲಾಗಲಿಲ್ಲ ಎಂದು ಹೇಳಿ ಕಳಿಸಿದಿರಿ. ಆದ್ದರಿಂದ ಈ ವರದಿ. ಫೋನಿನಲ್ಲಿ ಹೇಳಬಹುದಿತ್ತು. ನಾನು ಲಡಾಖಿನಿಂದ ನಿಮಗೆ ಮಾತು ಕೊಟ್ಟದ್ದು ಫೋನಿನಲ್ಲಿ, ಅದರ ಕಥೆ ಏನಾಯಿತೆಂದು ಇಬ್ಬರಿಗೂ ಗೊತ್ತು. ಈ ಸಲ ಬರೆದೇ ಕಳಿಸುತ್ತೇನೆ.

ನಾನು ಶುಕ್ರವಾರ ಮನೆ ಸೇರಿದೆ. ಶನಿವಾರ ಆಟಿ ಹದಿನೆಂಟು. ಮದ್ದುಸೊಪ್ಪಿನ ಪಾಯಸ ತಿಂದು ಎಲ್ಲರ ನಾಲಗೆ ನೇರಳೆಯಾಯಿತು. ನಿಮ್ಮ ಪಾಲನ್ನು ಮಹಾದೇವಮ್ಮನವರ ಹೆಸರಿನಲ್ಲಿ ನಾನೇ ತಿಂದೆ.

ದೊಡ್ಡ ಗದ್ದೆ ನಾಟಿಯಾಗಿತ್ತು, ನಡುವಿನ ಓಟದ ದಾರಿ ಒಂದನ್ನು ಬಿಟ್ಟು. ಷರತ್ತಿನ ದಿನಕ್ಕೆ ಅಷ್ಟು ಜಾಗ ಬಾಕಿ ಇತ್ತು ಎಂಬುದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ. ಅದು ನನ್ನ ಮಗಳ ತಪ್ಪಲ್ಲ. ನನಗಾಗಿ ಕಾದದ್ದು.

ಭಾನುವಾರ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತು. ಲೈನಿನವರು, ಕೆಳಗಿನ ಗದ್ದೆಯವರು ಎಲ್ಲ ಸೇರಿದರು. ಗಂಡಸರ ಓಟದಲ್ಲಿ ಮಾರಿ ಗೆದ್ದ. ಹೆಂಗಸರ ಓಟದಲ್ಲಿ ನನ್ನ ಮಗಳು ಮುಂದಿದ್ದಳು, ಜಂಬಕ್ಕೆ ಹಿಂತಿರುಗಿ ನೋಡಿ ಮುಗ್ಗರಿಸಿದಳು. ಗೊನೆ ಚಿನ್ನಿಗೆ ಹೋಯಿತು.

ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ನಾನು ಕೋಲನ್ನು ಏರಿಯ ಮೇಲೆ ಇಟ್ಟು ಕೆಸರಿಗೆ ಇಳಿದೆ. ಓಡಲಿಲ್ಲ, ನಡೆದೆ. ಅರ್ಧ ದಾರಿಯಲ್ಲಿ ಮಂಡಿ ನಿಂತುಬಿಟ್ಟಿತು. ನನ್ನ ಹೆಂಡತಿ ಒಂದು ಹೆಜ್ಜೆ ಇಳಿದಳು. ಮಗಳು ಅವಳ ಕೈ ಹಿಡಿದು ನಿಲ್ಲಿಸಿಕೊಂಡಳು, ತಾನೂ ಇಳಿಯಲಿಲ್ಲ. ಯಾರಾದರೂ ಬಂದು ಕೈ ಕೊಟ್ಟಿದ್ದರೆ ನಾನು ಅಲ್ಲಿಂದಲೇ ವಾಪಸ್ ಬರುತ್ತಿದ್ದೆ, ಮತ್ತೆ ಆ ಗದ್ದೆಗೆ ಇಳಿಯುತ್ತಲೂ ಇರಲಿಲ್ಲ. ಸ್ವಲ್ಪ ಹೊತ್ತು ನಿಂತೆ. ಕೆಸರು ಕಾಲಿಗೆ ತಣ್ಣಗಿತ್ತು. ಆಮೇಲೆ ಇನ್ನರ್ಧ ನಡೆದೆ.

ಆ ಕೊನೆ ಮುಟ್ಟಿದಾಗ ಮಗಳು ಏರಿಯ ಮೇಲೆ ಸುತ್ತಿ ಬಂದು ಒಂದು ಕಟ್ಟು ಸಸಿ ನನ್ನ ಕೈಗೆ ಕೊಟ್ಟಳು. "ವಾಪಸ್ ಬರುವಾಗ ನೆಟ್ಕೊಂಡು ಬನ್ನಿ" ಅಂದಳು. ನಾಟಿ ಮಾಡುವವರು ಹಿಂದಕ್ಕೆ ಹೆಜ್ಜೆ ಇಡುತ್ತಾ ನೆಡುವುದು ನಿಮಗೆ ಗೊತ್ತೇ ಇದೆ. ಉಳಿದವರು ನನ್ನ ಎರಡು ಬದಿಗೆ ಇಳಿದರು. ಮನೆಗೆ ಬೆನ್ನು ಹಾಕಿ, ಒಂದೊಂದು ಹೆಜ್ಜೆ ಹಿಂದಕ್ಕೆ ಇಡುತ್ತಾ, ಮಧ್ಯಾಹ್ನದ ಹೊತ್ತಿಗೆ ನಾನು ಮನೆಯ ಕಡೆಯ ಏರಿ ತಲುಪಿದೆ.

ಉಳಿದವರ ಸಾಲು ನೇರ ಬಂದಿದೆ. ನಡುವಿನ ಒಂದು ಸಾಲು ಸೊಟ್ಟ. ಸರಿ ಮಾಡುತ್ತೇನೆ ಅಂದೆ, ಮಗಳು ಮುಟ್ಟಬಾರದು ಅಂದಳು. ಸುಗ್ಗಿಯ ಹುತ್ತರಿ ಹಬ್ಬದ ದಿನ ಮೊದಲ ಕದಿರನ್ನು ಆ ಸೊಟ್ಟ ಸಾಲಿನಿಂದಲೇ ಕೊಯ್ಯುವುದು ಎಂದು ಆರ್ಡರ್ ಆಗಿದೆ. ನೀವು ಮತ್ತು ಮಹಾದೇವಮ್ಮ ಅವತ್ತು ಬರಬೇಕು. ನೀವು ಮಾತು ಬಿಟ್ಟುಕೊಡದಿದ್ದರೆ ಆ ಸಾಲು ಇರುತ್ತಿರಲಿಲ್ಲ.

ಬಾವಿಯ ನೀರು ಒಂದು ಬಾಟಲಿ ಈ ಕಾಗದದ ಜೊತೆ ಬಸ್ಸಿನವರ ಕೈಯಲ್ಲಿ ಕಳಿಸಿದ್ದೇನೆ. ಕುಡಿದು ನೋಡಿ.

ಇಂತಿ,
ಬೆಳ್ಳಿಯಪ್ಪ
ದೊಡ್ಡ ಗದ್ದೆ